ಕಾಗೆಯ ಗೂಡಿನ ಪ್ರಬಂಧ

ಕಾಡಿನ ವಿದ್ಯಾಪೀಠದಲ್ಲಿ ಗೀಜಗವೊಂದು ಕಾಗೆಯ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಮಾಡುತ್ತಿತ್ತು. ಕಾಡಿನ ಗೂಡುಗಳನ್ನೆಲ್ಲ ಪರೀಕ್ಷಿಸಿದ ಅದು, ಗುರುವಿನ ಗೂಡಿನಲ್ಲಿರುವುದು ಕೋಗಿಲೆಯ ಮರಿ ಎಂದು ಪ್ರಬಂಧದಲ್ಲಿ ಬರೆಯಿತು. ಸುದ್ದಿ ಗಿಳಿಗಳ ಬಾಯಿಗೆ ಬಿತ್ತು. "ತನ್ನ ಗೂಡನ್ನೇ ಅರಿಯದ ಪಂಡಿತ!" ಎಂದು ಕಾಡೆಲ್ಲ ನಕ್ಕಿತು.

ಕುಲಪತಿ ನವಿಲು ಗೀಜಗವನ್ನು ಕರೆಸಿ, "ಪ್ರಬಂಧ ಹಿಂದಕ್ಕೆ ಪಡೆ. ವಿದ್ಯಾಪೀಠದ ಮಾನ ಹೋಗುತ್ತಿದೆ" ಎಂದಿತು.

"ನಾನು ಬರೆದದ್ದು ಸುಳ್ಳೇ, ಸ್ವಾಮಿ?"

"ಸುಳ್ಳಾಗಿದ್ದರೆ ತಿದ್ದಿಸಿ ಸುಮ್ಮನಾಗುತ್ತಿದ್ದೆ. ನಿಜವಾಗಿರುವುದೇ ತೊಂದರೆ."

ಗೀಜಗಕ್ಕೆ ತಲೆಬುಡ ತಿಳಿಯಲಿಲ್ಲ. ನಿಜ ಹುಡುಕು ಎಂದು ಕಳಿಸಿದವರೇ ಈಗ ಸಿಕ್ಕಿದ್ದನ್ನು ಬಚ್ಚಿಡು ಎನ್ನುತ್ತಿದ್ದರು. ಅದು ಕಾಗೆಯ ಮುಂದೆ ತಲೆತಗ್ಗಿಸಿ ನಿಂತಿತು. "ಗುರುಗಳೇ, ನಿಮ್ಮ ಮರ್ಯಾದೆ ಕಳೆದೆ. ಪ್ರಬಂಧ ಹರಿದು ಹಾಕಲೇ?"

ಕಾಗೆ ಕೇಳಿತು, "ನೀನು ಕಣ್ಣಾರೆ ಕಂಡದ್ದನ್ನೇ ಬರೆದಿದ್ದೀಯಾ?"

"ಹೌದು."

"ಹಾಗಾದರೆ ಇಲ್ಲಿ ಕೊಡು." ಕಾಗೆ ಒಪ್ಪಿಗೆಯ ರುಜು ಹಾಕಿತು. ಗುರುವೇ ಒಪ್ಪಿದ ಮೇಲೆ ನವಿಲಿಗೆ ತಡೆಯಲು ದಾರಿ ಉಳಿಯಲಿಲ್ಲ.

ಅಷ್ಟರಲ್ಲಿ ಗೂಡಿನ ಮರಿ ಅತ್ತಿತು. ಕಾಗೆ ಹುಳು ಹೆಕ್ಕಲು ರೆಕ್ಕೆ ಬಿಚ್ಚಿತು.

ಗೀಜಗ ಮತ್ತಷ್ಟು ಗೊಂದಲಕ್ಕೆ ಬಿತ್ತು. "ಅದು ನಿಮ್ಮ ಮರಿಯಲ್ಲವಲ್ಲ!"

"ಅದು ನಿಜ," ಎಂದಿತು ಕಾಗೆ. "ಅದಕ್ಕೆ ಹಸಿವಾಗಿರುವುದೂ ನಿಜ."