ಅಡುಗೆಯವನ ಪೆಟ್ಟಿಗೆ

ಶಿಷ್ಯ ಕೇಳಿದ: "ಗುರುಗಳೇ, ವಿದ್ಯಾಲಯದ ಕಂಪ್ಯೂಟರ್ ಎಲ್ಲರಿಗೂ ಸೇರಿದ್ದು. ಅದರ ಸಾಮಾನ್ಯ ಜಾಗದಲ್ಲಿ ಏನನ್ನೂ ಹಾಕಲು ನನಗೆ ಅನುಮತಿಯಿಲ್ಲ. ಅದಕ್ಕೇ ನನ್ನ ಪ್ರೋಗ್ರಾಂಗೆ ಬೇಕಾದ, ಬೇರೆಯವರು ಬರೆದಿಟ್ಟ ಕೋಡಿನ ಲೈಬ್ರರಿಯೊಂದನ್ನೂ ಅದು ಕೇಳಿದ ಇನ್ನೂ ಹನ್ನೊಂದು ಲೈಬ್ರರಿಗಳನ್ನೂ ನನ್ನ ಸ್ವಂತ ಫೋಲ್ಡರಿನಲ್ಲಿ ಹಾಕಿಕೊಂಡೆ. ಪ್ರೋಗ್ರಾಂ ಓಡಿಸಿದರೆ 'ಲೈಬ್ರರಿ ಇಲ್ಲ' ಎನ್ನುತ್ತದೆ. ಮೂರು ಸಲ ಅಳಿಸಿ ಮೂರು ಸಲ ಹಾಕಿದೆ. ಈ ಯಂತ್ರಕ್ಕೆ ಕಣ್ಣಿಲ್ಲವೇ?"

ಗುರು ಹೇಳಿದರು:

ಒಂದು ಛತ್ರಕ್ಕೆ ಹೊಸ ಅಡುಗೆಯವನೊಬ್ಬ ಬಂದ. ಛತ್ರದ ಪಾರುಪತ್ಯಗಾರ ಅವನಿಗೆ, "ನಾಳೆ ಮದುವೆಯ ಊಟ. ಬೀಗರು ಮೆಚ್ಚಿದರೆ ಕೆಲಸ ಕಾಯಂ. ಇಲ್ಲದಿದ್ದರೆ ಗಂಟುಮೂಟೆ ಕಟ್ಟು" ಎಂದ. ಬಿಸಿಬೇಳೆಬಾತಿನಲ್ಲಿ ಅಡುಗೆಯವನದು ಎತ್ತಿದ ಕೈ. ಆದರೆ ಅದರ ಪುಡಿ ಉಗ್ರಾಣದಲ್ಲಿರಲಿಲ್ಲ. ಹೊರಗಿನ ಸಾಮಾನನ್ನು ಉಗ್ರಾಣದಲ್ಲಿಡಲು ಬಿಡುವ ಪದ್ಧತಿಯೂ ಇರಲಿಲ್ಲ. "ನಿನ್ನ ಪೆಟ್ಟಿಗೆಯಲ್ಲಿ ಏನು ಬೇಕಾದರೂ ಇಟ್ಟುಕೋ, ಬೇಡವೆನ್ನುವವರು ಯಾರು?" ಎಂದ ಪಾರುಪತ್ಯಗಾರ.

ನ್ಯಾಯವಾದ ಮಾತು. ಅಡುಗೆಯವನು ಪೇಟೆಗೆ ಹೋದ. ಪುಡಿಗೆ ಮರಾಠಿ ಮೊಗ್ಗು ಬೇಕು, ಮೊಗ್ಗು ಹುರಿಯಲು ಬಾಣಲೆ ಬೇಕು, ಹುರಿದದ್ದನ್ನು ಕುಟ್ಟಲು ಕುಟ್ಟಾಣಿ ಬೇಕು, ಕುಟ್ಟಿದ್ದಕ್ಕೆ ಜರಡಿ ಬೇಕು. ಒಬ್ಬನನ್ನು ಊಟಕ್ಕೆ ಕರೆದರೆ ಮನೆಮಂದಿಯೆಲ್ಲ ಬಂದಂತಾಯಿತು. ಎಲ್ಲವನ್ನೂ ತಂದು ಪುಡಿ ಮಾಡಿ ಪೆಟ್ಟಿಗೆಗೆ ತುಂಬಿದ. ಮೇಲೆ ಕುಳಿತು ಮುಚ್ಚಳ ಹಾಕಬೇಕಾಯಿತು. ಪುಡಿಯ ಘಮ ನೆನೆದು ಅವನಿಗೆ ಅವನ ಮೇಲೇ ಪ್ರೀತಿ ಬಂತು.

ಮರುದಿನ ಅಕ್ಕಿ ಬೇಳೆ ಬೆಂದವು. ಅಡುಗೆಯವನು ಸಹಾಯಕನಿಗೆ "ಪುಡಿ ಹಾಕಿ ಇಳಿಸಿ" ಎಂದು ಹೇಳಿ ಸ್ನಾನಕ್ಕೆ ಹೋದ. ಸಹಾಯಕ ಆ ಛತ್ರದಲ್ಲಿ ಮೂವತ್ತು ವರ್ಷ ಕಳೆದ ಮುದುಕ. ಹೇಳಿದ್ದನ್ನು ಬಿಡುವವನಲ್ಲ, ಹೇಳದ್ದನ್ನು ಮಾಡುವವನೂ ಅಲ್ಲ. ಅಡುಗೆಯವನು ಬಂದು ನೋಡಿದರೆ ಪಂಕ್ತಿಯಲ್ಲಿ ಎಲೆ ಹಾಕಿತ್ತು, ಒಲೆ ಆರಿತ್ತು, ಮುದುಕ ಕೈಕಟ್ಟಿ ಕುಳಿತಿದ್ದ.

"ಪುಡಿ ಇಲ್ಲ. ಉಗ್ರಾಣವೆಲ್ಲ ಜಾಲಾಡಿದೆ."

"ಅಯ್ಯೋ ಅಜ್ಜಾ, ನನ್ನ ಪೆಟ್ಟಿಗೆಯಲ್ಲಿದೆಯಲ್ಲ!"

"ನಿನಗೊಂದು ಪೆಟ್ಟಿಗೆ ಇದೆಯೆಂದು ನನಗೇನು ಕನಸು ಬಿತ್ತೇ?"

ಊಟ ಅರ್ಧ ಗಂಟೆ ತಡವಾಯಿತು. ಬೀಗರು ಸಿಡಿಮಿಡಿಗೊಂಡರು, ಆಮೇಲೆ ಮೂರು ಸಲ ಬಡಿಸಿಕೊಂಡರು. ಕೆಲಸ ಉಳಿಯಿತು. ಅಡುಗೆಯವನು ಅವತ್ತೇ ಒಲೆಯ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಸಾಲು ಬರೆದ: "ಮೊದಲು ನನ್ನ ಪೆಟ್ಟಿಗೆ ನೋಡಿ, ಆಮೇಲೆ ಉಗ್ರಾಣ."

ಶಿಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. "ಎಂಥ ಪೆದ್ದ, ಗುರುಗಳೇ! ಅಷ್ಟೆಲ್ಲ ಹೊತ್ತು ತಂದು, ಎಲ್ಲಿಟ್ಟಿದ್ದೇನೆಂದು ಹೇಳುವುದನ್ನೇ ಮರೆತನಲ್ಲ!"

"ನೀನು ನಿನ್ನ ಯಂತ್ರಕ್ಕೆ ಹೇಳಿದ್ದೀಯಾ?" ಎಂದರು ಗುರು.