ಬಾರವ್ವನ ಸೇತುವೆ

ನಮ್ಮ ಊರಿನ ಪಶ್ಚಿಮಕ್ಕೆ, ಹೊಳೆಯ ಮೇಲೆ ಮೂರು ಕಮಾನುಗಳ ಹಳೆಯ ಕಾಂಕ್ರೀಟು ಸೇತುವೆ ಇಂದಿಗೂ ನಿಂತಿದೆ. ಗಾರೆ ಉದುರಿದ ಕಡೆ ಕಬ್ಬಿಣದ ಸರಳು ಇಣುಕುತ್ತದೆ. ಉದ್ಘಾಟಿಸಿದ ದೊಡ್ಡವರ ಹೆಸರು ಕಲ್ಲಿನಲ್ಲಿದೆಯಾದರೂ, ಆ ಹೆಸರು ಹೇಳಿ ವಿಚಾರಿಸಿದರೆ ಯಾರೂ ದಾರಿ ತೋರಿಸಲಾರರು. ಊರಿಗೆ ಅದು ಬಾರವ್ವನ ಸೇತುವೆ. ಬಾರವ್ವನೆಂಬ ದೇವತೆಯಿರಬೇಕೆಂದು ಹೊಸಬರು ಗುಡಿ ಹುಡುಕುತ್ತಾರೆ. ಗುಡಿ ಇಲ್ಲ, ಇದ್ದಿದ್ದರೆ ಒಂದು ಕಾಯಿ ಒಡೆದು ನಾವೂ ನೆಮ್ಮದಿಯಾಗಿರಬಹುದಿತ್ತು.

ಹಿಂದೆ ಒಮ್ಮೆ, ಈ ಸೇತುವೆ ಕಟ್ಟುತ್ತಿದ್ದ ಕಾಲಕ್ಕೆ, ಗಾದ್ರಪ್ಪನೆಂಬವನು ಇಲ್ಲಿ ಕಾವಲಿಗಿದ್ದನಂತೆ. ಸೇತುವೆಯ ಮೇಲ್ಭಾಗಕ್ಕೆ ಕಾಂಕ್ರೀಟು ಹಾಕಿ, ಅದು ಗಟ್ಟಿಯಾಗಲೆಂದು ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಿದ್ದರು. ನೀರುಣಿಸುವುದು ಮುಗಿಯುವವರೆಗೆ ನಾಯಿಯನ್ನೂ ಬಿಡಬೇಡವೆಂದು ಮೇಸ್ತ್ರಿ ಹೇಳಿಹೋಗಿದ್ದ. ಅಷ್ಟರಲ್ಲಿ ಹೊಳೆ ತುಂಬಿ ಬಂತು. ಒಂದು ಮಧ್ಯಾಹ್ನ, ಹೆರಿಗೆ ಬೇನೆಯಲ್ಲಿದ್ದ ಬೋರಕ್ಕನನ್ನು ಮನೆಯವರು ಮಂಚದ ಮೇಲೆ ಹೊತ್ತು ತಂದರು. ಮಗು ಅಡ್ಡ ತಿರುಗಿತ್ತು. ಆಸ್ಪತ್ರೆ ಆಚೆ ದಡದಲ್ಲಿತ್ತು. ಗಾದ್ರಪ್ಪ ಕೈ ಅಡ್ಡ ಹಿಡಿದ. "ಇನ್ನೂ ಹಸಿ ಐತೆ ಕಣವ್ವ. ಕಾಲಿಟ್ರೆ ಕಮಾನೇ ಕುಸೀತೈತೆ. ತಾಯಿ ಮಗು ಇಬ್ರೂ ಹೊಳೆ ಪಾಲಾಗ್ತಾರೆ" ಎಂದ. ಅದು ದರ್ಪದ ಮಾತಲ್ಲ, ಅವನು ನಿಜಕ್ಕೂ ಹೆದರಿದ್ದ ಎನ್ನುತ್ತಾರೆ. ಬೋರಕ್ಕನ ಅತ್ತೆ ಕಾಲಿಗೆ ಬಿದ್ದರೂ ಅವನು ಬಿಡಲಿಲ್ಲ. ಬೋರಕ್ಕ ಈ ದಡದಲ್ಲೇ, ಮಗು ಹೊಟ್ಟೆಯಲ್ಲಿರುವಾಗಲೇ ತೀರಿಕೊಂಡಳು.

ಮರುದಿನ ಬಂದ ಮೇಸ್ತ್ರಿ ಸಂಗತಿ ಕೇಳಿ ತಲೆಯ ಮೇಲೆ ಕೈ ಹೊತ್ತು ಕೂತನಂತೆ. "ಅದು ಆಗ್ಲೇ ಬಿಗಿದಿತ್ತಲ್ಲೋ. ನಾಲ್ಕು ಜನ ಮಂಚ ಹೊತ್ಕೊಂಡು ದಾಟಿದ್ರೆ ಏನಾಗ್ತಿತ್ತು?" ಎಂದ. ಕೆಲಸ ಮುಗಿದು ಎಲ್ಲರೂ ಹೋದ ಮೇಲೂ ಗಾದ್ರಪ್ಪ ಇಲ್ಲೇ ಉಳಿದ. ಮುಸ್ಸಂಜೆಯಾದರೆ ಆಚೆ ದಡದಲ್ಲಿ ನಿಂತು, ಈಚೆಗೆ ಮುಖ ಮಾಡಿ ಕೂಗುತ್ತಿದ್ದ: "ಬಾರವ್ವ, ಗಟ್ಟಿಯಾಗೈತೆ, ಬಾರವ್ವ." ಅವನು ಸತ್ತ ಮೇಲೂ ಕೂಗು ನಿಲ್ಲಲಿಲ್ಲ. ಸೇತುವೆಗೆ ಅದೇ ಹೆಸರಾಯಿತು.

ಇಂದಿಗೂ ಬಸುರಿಯರನ್ನು ಕರೆದೊಯ್ಯುವ ಗಾಡಿ ನಡುವಿನ ಕಮಾನಿನ ಮೇಲೆ ನಿಧಾನವಾಗುವುದನ್ನು ಬಂದವರೆಲ್ಲ ನೋಡುತ್ತಾರೆ. ಗಾಡಿಯಲ್ಲಿರುವ ಹಿರಿಯರು ಹೊರಗೆ ತಲೆ ಹಾಕಿ ಗಾದ್ರಪ್ಪನಿಗೆ, "ದಾಟಿದ್ವಿ ಕಣಪ್ಪ, ಇನ್ನು ಮಲಕ್ಕೋ" ಎನ್ನುತ್ತಾರೆ. ಹೋದ ವರ್ಷ ಮೊಮ್ಮಗಳನ್ನು ಹೆರಿಗೆಗೆ ಕರೆದೊಯ್ಯುವಾಗ ನಾನೂ ಹಾಗೇ ಹೇಳಿದೆ. ಆಚೆ ದಡ ಮುಟ್ಟಿ ಗಾಡಿ ತಿರುಗುವಷ್ಟರಲ್ಲಿ ಕಮಾನಿನ ಕೆಳಗಿಂದ ಅದೇ ಕೂಗು ಬಂತು: "ಬಾರವ್ವ, ಗಟ್ಟಿಯಾಗೈತೆ." ಅವನು ಕರೆಯುತ್ತಿದ್ದುದು ದಾಟಿದ ನಮ್ಮನ್ನಲ್ಲ, ಈಚೆ ದಡದಲ್ಲೇ ಉಳಿದವಳನ್ನು.