ತಂತಿ ಬಿಗಿದ ಕದ

"ಅವ್ವಾ, ಸಿಟ್ಟೇ ಬಾರದ ಸ್ಥಿತಿಗೆ ಸಿದ್ಧಿ ಎನ್ನಬಹುದೇ?" ಎಂದು ಶಿಷ್ಯ ಗುರುಪಾದ ಕೇಳಿದ.

ಅವ್ವ ಆ ಮಠದ ಗುರು. ಸೊಪ್ಪು ಸೋಸುತ್ತಿದ್ದವಳು ತಲೆ ಎತ್ತಲಿಲ್ಲ. "ಯಾರಿಗೆ ಬಾರದ್ದು?" ಎಂದಳು.

"ನನಗೇ. ಬೆಳಿಗ್ಗೆ ನಮ್ಮ ಬಾಗಿಲ ಮುಂದೆ ಸೀಬೆಹಣ್ಣು ಮಾರುವ ಅಜ್ಜಿಯ ಬುಟ್ಟಿಯನ್ನು ಯಾವನೋ ಒದ್ದ. ದಾರಿಗೆ ಅಡ್ಡ ಕೂತಿದ್ದಾಳೆ ಎಂದು ಬೈದ. ಹಣ್ಣೆಲ್ಲ ಚರಂಡಿಯವರೆಗೆ ಉರುಳಿತು. ಮೊದಲಿನ ನಾನಾಗಿದ್ದರೆ ಅವನ ಕೊರಳಪಟ್ಟಿ ಹಿಡಿಯುತ್ತಿದ್ದೆ. ಇವತ್ತು ಅಲ್ಲೇ ನಿಂತು ನೋಡಿದೆ. ಒಳಗೆ ಒಂದು ಕಿಡಿಯೂ ಏಳಲಿಲ್ಲ. ತಣ್ಣಗಿದ್ದೆ."

"ಭಲೇ. ಕೂತುಕೋ. ಒಂದು ಕಾರಿನ ಕತೆ ಹೇಳುತ್ತೇನೆ."

"ಕಾರಿನ ಕತೆಯೇ?"

"ಆನೆ, ಸಿಂಹ, ಆಮೆ ಎಲ್ಲ ಹೇಳಿ ನೋಡಿದೆನಲ್ಲ" ಎಂದಳು ಅವ್ವ. ಮತ್ತೆ ಹೇಳತೊಡಗಿದಳು:

ಒಬ್ಬ ವ್ಯಾಪಾರಿಗೆ ಒಂದು ಹಳೆಯ ಕಾರಿತ್ತು. ಅವನು ತೀರಿಕೊಂಡ ಮೇಲೆ ಅದು ಮಗಳಿಗೆ ಬಂತು. ವ್ಯಾಪಾರಿಯ ತಮ್ಮನಿಗೂ ಅದರ ಮೇಲೆ ಕಣ್ಣಿತ್ತು.

ಅಂಥ ಕಾರುಗಳಲ್ಲಿ ಎಂಜಿನಿನ ಹೊಗೆ ಹೊರಹೋಗುವ ದಾರಿಗೆ ಒಂದು ಪುಟ್ಟ ಕಬ್ಬಿಣದ ಕದ ಇರುತ್ತದೆ. ಎಂಜಿನ್ ತಣ್ಣಗಿರುವಾಗ ಕದ ಮುಚ್ಚಿರುತ್ತದೆ. ಆಗ ಬಿಸಿ ಹೊಗೆ ಬಳಸಿಕೊಂಡು ಬಂದು, ಪೆಟ್ರೋಲು ಒಳಬರುವ ಕೊಳವೆಯನ್ನು ಬೆಚ್ಚಗೆ ಮಾಡುತ್ತದೆ. ಎಂಜಿನ್ ಕಾದ ಮೇಲೆ ಕದ ತೆರೆದುಕೊಳ್ಳುತ್ತದೆ. ಹೊಗೆ ನೇರವಾಗಿ ಹೊರಗೆ ಹೋಗುತ್ತದೆ. ಯಾವಾಗ ಮುಚ್ಚಬೇಕು, ಯಾವಾಗ ತೆರೆಯಬೇಕು ಎಂದು ತಿಳಿಯುವುದು ಅದರ ಪಕ್ಕದ ಸುರುಳಿ ಸ್ಪ್ರಿಂಗಿಗೆ. ಬಿಸಿ ತಾಕಿದರೆ ಅದು ಸಡಿಲುತ್ತದೆ, ಆರಿದರೆ ಬಿಗಿಯುತ್ತದೆ.

ವ್ಯಾಪಾರಿ ಬದುಕಿದ್ದಾಗ ಒಮ್ಮೆ ಮಸಿ, ತುಕ್ಕು ಹಿಡಿದು ಆ ಕದ ಮುಚ್ಚಿಯೇ ಉಳಿಯಿತು. ಕಾರು ಪೇಟೆಯ ನಡುವೆ ಕುದಿದು ನಿಂತಿತು. ಜನ ನಕ್ಕರು. ಆಗ ತಮ್ಮ ಬಂದು ಕದವನ್ನು ಮೀಟಿ ತೆರೆದ. ಮತ್ತೆ ಮುಚ್ಚಿಕೊಳ್ಳದಂತೆ ತಂತಿ ಬಿಗಿದ. ಅಂದಿನಿಂದ ಕಾರು ಕುದಿಯಲಿಲ್ಲ. ಅವನಿಗೆ ತನ್ನ ಬುದ್ಧಿಯ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಏನೂ ಕೆಡದಿದ್ದ ತನ್ನ ಸ್ವಂತ ಕಾರಿಗೂ ತಂತಿ ಬಿಗಿದುಕೊಂಡ. ಅವರದು ಬಯಲು ಸೀಮೆಯ ಬಿಸಿಲೂರು. ಬೆಳಿಗ್ಗೆ ಎರಡೂ ಕಾರು ಒಂದಿಷ್ಟು ಕೆಮ್ಮುತ್ತಿದ್ದವು. ವಯಸ್ಸಾಯಿತಲ್ಲ ಎಂದುಕೊಂಡರು.

ಚಳಿಗಾಲದಲ್ಲಿ ಹಳೆಯ ಕಾರುಗಳವರೆಲ್ಲ ಒಂದು ಬೆಟ್ಟದ ಬುಡದಲ್ಲಿ ಸೇರುತ್ತಿದ್ದರು. ಮಂಜು ಬಿದ್ದ ಬೆಳಗಿನಲ್ಲಿ ಆರಿದ ಎಂಜಿನನ್ನು ಎಬ್ಬಿಸಿ, ನಿಲ್ಲದೆ ಮೇಲಿನ ಕೋಟೆ ಬಾಗಿಲು ಮುಟ್ಟಬೇಕು. ತಳ್ಳಿಸಿಕೊಂಡವರು ಸೋತಂತೆ.

"ನಿನ್ನ ಕಾರು ತಾನಾಗಿ ಕೋಟೆ ಮುಟ್ಟಿದರೆ ಅದು ನಿನ್ನದೇ. ಆಮೇಲೆ ನಾನು ಬಾಯಿ ತೆರೆಯುವುದಿಲ್ಲ. ತಳ್ಳಿಸಿಕೊಂಡರೆ ಅದು ನನ್ನ ಷೆಡ್ಡಿಗೆ. ಒಪ್ಪಿಗೆಯೇ?" ಎಂದ ಚಿಕ್ಕಪ್ಪ, ಹತ್ತು ಜನರ ಎದುರು.

ಮಗಳು ಒಪ್ಪಿದಳು. ಅಪ್ಪ ಅವಳಿಗೆ ಗೇರು ಹಾಕಲು ಕಲಿಸಿದ್ದು ಆ ಕಾರಿನಲ್ಲಿ.

ಪಂದ್ಯದ ಹಿಂದಿನ ದಿನ ಬೆಳಿಗ್ಗೆ ಬೆಟ್ಟ ಹತ್ತಿಸಿ ನೋಡಿದಳು. ಮೊದಲ ತಿರುವಿನಲ್ಲೇ ಕಾರು ಕೆಮ್ಮಿತು, ಸೀನಿತು, ನಿಂತಿತು.

ಚಿಕ್ಕಪ್ಪ ನಡೆದುಕೊಂಡೇ ಬಂದು ಬಾನೆಟ್ಟಿಗೆ ಒರಗಿದ. "ಏನಮ್ಮಾ, ನಿಮ್ಮಪ್ಪನ ಪಟ್ಟದ ರಾಣಿಗೆ ನೆಗಡಿಯೇ? ಶುಂಠಿ ಕಷಾಯ ಕುಡಿಸು."

"ಕುಡಿಸೋಣ. ಈ ತಂತಿ ಕಟ್ಟಿದ್ದು ನೀವೇ ಅಲ್ಲವೇ, ಚಿಕ್ಕಪ್ಪ?"

"ನಾನಲ್ಲದೆ ಇನ್ನಾರು? ಕಟ್ಟಿದ ಮೇಲೆ ಒಂದು ದಿನವಾದರೂ ಬಿಸಿಯೇರಿದ್ದುಂಟೇ?"

"ಇಲ್ಲ. ಅದೇ ಇದರ ರೋಗ."

ಚಿಕ್ಕಪ್ಪ ನಗುತ್ತಾ ಹೋದ. ಮಗಳು ತಂತಿ ಕತ್ತರಿಸಿದಳು. ಕದ ಮಿಸುಕಲಿಲ್ಲ. ಇಷ್ಟು ವರ್ಷ ತೆರೆದೇ ಇದ್ದು, ತೆರೆದಂತೆಯೇ ಜಡ್ಡುಗಟ್ಟಿತ್ತು. ಜೋರಾಗಿ ಹೊಡೆದರೆ ಕದ ತಿರುಗುವ ಒಳಗಿನ ಕಡ್ಡಿ ಮುರಿಯುತ್ತದೆ. ಸೀಮೆಎಣ್ಣೆ ಬಿಟ್ಟು ಕಾದಳು. ಪುಟ್ಟ ಸುತ್ತಿಗೆಯಿಂದ ಕಡ್ಡಿಯ ಈ ತುದಿಗೆ ತಟ್ಟಿದಳು, ಆ ತುದಿಗೆ ತಟ್ಟಿದಳು. ಮತ್ತೆ ಸೀಮೆಎಣ್ಣೆ, ಮತ್ತೆ ಕಾಯುವುದು. ಹಾದುಹೋಗುವವರು, ಇನ್ನೂ ಎಬ್ಬಿಸುತ್ತಿದ್ದೀಯಾ ಎಂದು ಕೇಳಿದರು. ಹೊತ್ತು ಇಳಿಯುವಾಗ ಕದ ಕೂದಲೆಳೆಯಷ್ಟು ಅಲುಗಿತು. ಅವಳು ಕಾರಿಗೆ ಕೇಳಿಸುವಂತೆ, "ಎದ್ದೆಯಾ?" ಎಂದಳು.

ಮುಂದಿನದು ಸಲೀಸು. ಈಗ ಎಣ್ಣೆ ಬಿಡು ಎಂದು ಯಾರೋ ಬುದ್ಧಿ ಹೇಳಿದರು. ಅವಳು ಬಿಡಲಿಲ್ಲ. ಆ ಬಿಸಿಗೆ ಎಣ್ಣೆ ಸುಟ್ಟು ಅಂಟಾಗುತ್ತದೆ. ಪೆನ್ಸಿಲಿನ ಒಳಗಿನ ಸೀಸವನ್ನು ನುಣ್ಣಗೆ ಅರೆದು, ಕಡ್ಡಿಯ ಎರಡೂ ತುದಿಗೆ ಊಡಿಸಿದಳು. ಬಳಲಿದ್ದ ಸ್ಪ್ರಿಂಗನ್ನು ಬಿಡಿಸಿ, ಅರ್ಧ ಸುತ್ತು ಬಿಗಿದು ಮತ್ತೆ ಸಿಕ್ಕಿಸಿದಳು. ಬೆರಳಿನಿಂದ ದೂಡಿದರೆ ಕದ ತೆರೆಯಿತು. ಬಿಟ್ಟರೆ ತಾನೇ ಮುಚ್ಚಿತು. ಸುಮ್ಮನೆ ಮತ್ತೊಮ್ಮೆ ದೂಡಿ ನೋಡಿದಳು, ಆಟಕ್ಕೆ.

ಮರುದಿನ ದಟ್ಟ ಮಂಜು. ಬಾವುಟ ಇಳಿಯಿತು. ಚಿಕ್ಕಪ್ಪನ ಕಾರು ಮುಂದೆ ಹೋಯಿತು. ಮಗಳು ಆತುರಪಡಲಿಲ್ಲ. ಕದ ಮುಚ್ಚಿತ್ತು, ಎಂಜಿನ್ ಬೆಚ್ಚಗಾಗುತ್ತಿತ್ತು. ಮೊದಲ ತಿರುವಿನಲ್ಲಿ ಕಾರು ಕೆಮ್ಮಲಿಲ್ಲ. ಎರಡನೆಯ ತಿರುವಿನಲ್ಲಿ ಚಿಕ್ಕಪ್ಪನ ಕಾರು ಅಡ್ಡಡ್ಡ ನಿಂತು ಸೀನುತ್ತಿತ್ತು. ಅವಳು ಹಾರ್ನ್ ಹೊಡೆದಳು. ಒಂದು ಸಲ ಸಾಕಿತ್ತು, ಎರಡು ಸಲ ಹೊಡೆದಳು. ಏರು ಕಡಿದಾಯಿತು. ಎಂಜಿನ್ ಕಾಯಿತು. ಕದ ತೆರೆದುಕೊಂಡಿತು. ಕಾರು ಗಂಟಲು ಬಿಚ್ಚಿ ಹಾಡುತ್ತಾ ಮಂಜಿನಿಂದ ಮೇಲೆದ್ದು, ಬಿಸಿಲಿನಲ್ಲಿ ಕೋಟೆ ಬಾಗಿಲು ಮುಟ್ಟಿತು. ನೆರೆದವರು ಕೇಕೆ ಹಾಕಿದರು. ಒಬ್ಬ ಮುದುಕ ತನ್ನ ರುಮಾಲು ಬಿಚ್ಚಿ ಕಾರಿಗೆ ಸುತ್ತಿದ.

ಬಹಳ ಹೊತ್ತಿನ ಮೇಲೆ ಚಿಕ್ಕಪ್ಪ ತನ್ನ ಕಾರನ್ನು ಜನರಿಂದ ತಳ್ಳಿಸಿಕೊಂಡು ಬಂದ. "ಅದೇನು ಮಂತ್ರ ಹಾಕಿದೆಯೇ ಇದಕ್ಕೆ?" ಎಂದು ಅವಳ ಬಾನೆಟ್ಟಿನೊಳಗೆ ಕೈ ಹಾಕಹೋದ.

"ಮುಟ್ಟಬೇಡಿ, ಚಿಕ್ಕಪ್ಪ. ಈಗ ಸುಡುತ್ತದೆ" ಎಂದಳು ಮಗಳು. ಅವಳ ಮುಖದ ತುಂಬ ಮಸಿ, ಮಸಿಯ ತುಂಬ ನಗು.

ಚಿಕ್ಕಪ್ಪ ಮಾತಿಗೆ ತಪ್ಪಲಿಲ್ಲ. ಕೆಳಗಿಳಿದ ಮೇಲೆ ಅವಳ ಬಳಿ ಬಂದು, ತನ್ನ ಕಾರಿನ ಕದಕ್ಕೆಂದು ಆ ಪುಟ್ಟ ಸುತ್ತಿಗೆಯನ್ನೂ ಕೇಳಿದನಂತೆ.

ಕತೆ ಮುಗಿಯಿತು. ಅವ್ವ ಸೊಪ್ಪಿನ ದಂಟುಗಳನ್ನು ಒಟ್ಟು ಮಾಡಿದಳು.

ಗುರುಪಾದನ ಮುಖ ಅರಳಿತ್ತು. "ಗೆದ್ದಳಲ್ಲ, ಅವ್ವಾ! ಕೇಳಿ ಮೈ ಜುಮ್ಮೆಂದಿತು. ಆದರೆ ನನ್ನ ಪ್ರಶ್ನೆಗೆ ಉತ್ತರ?"

ಅವ್ವ ಆಗ ತಲೆ ಎತ್ತಿದಳು.

"ಆ ಅಜ್ಜಿಯ ಹಣ್ಣುಗಳನ್ನು ಯಾರು ಆರಿಸಿಕೊಟ್ಟರು, ಗುರುಪಾದ?"